ಇಂಗ್ಲಿಷ್ ಉಪಾಧ್ಯಾಯರಿಗೆ ಸಲ್ಲಬೇಕಾದ ಮನ್ನಣೆ

ವರ್ಷಕ್ಕೊಮ್ಮೆ ಸೆಪ್ಟೆಂಬರ್ 5ನೆಯ ದಿನ ಉಪಾಧ್ಯಾಯರನ್ನು ಗೌರವಿಸುವ ವಾಡಿಕೆಯು ನಮ್ಮ ದೇಶದಲ್ಲಿ 1962ರಿಂದ ನಡೆದುಬಂದಿದೆ. ಅದಕ್ಕೂ ಮೊದಲೇ, 1958ರಿಂದ, ಕೇಂದ್ರ ಸರ್ಕಾರವು ಉತ್ತಮ ಉಪಾಧ್ಯಾಯರಿಗೆ ಪ್ರಶಸ್ತಿಗಳನ್ನು ಕೊಡಲು ಆರಂಭಿಸಿತು. ಊರೂರುಗಳಲ್ಲಿ ಸಭೆ ಸೇರುತ್ತದೆ. ಹಾರ, ಶಾಲು, ಫಲತಾಂಬೂಲಗಳ ಸಮರ್ಪಣೆಯಾಗುತ್ತದೆ. ನಾಲ್ಕು ಒಳ್ಳೆಯ ಮಾತುಗಳನ್ನು ಆಡುತ್ತಾರೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಇವು ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಯಾವ ಗುಣವನ್ನು ಕಂಡು ಒಬ್ಬ ಉಪಾಧ್ಯಾಯರನ್ನು ಉತ್ತಮರೆಂದು ಎಣಿಸುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಿದರೆ ಒಳಿತು. ಅದರಲ್ಲಿಯೂ, ತಾಯ್ನುಡಿ ಕನ್ನಡವಾಗಿರುವ ಮಕ್ಕಳಿಗೆ ಎರಡನೆಯ ನುಡಿಯಾಗಿ ಇಂಗ್ಲಿಷನ್ನು ಕಲಿಸುವವರ ವಿಷಯದಲ್ಲಿ ಈ ಯೋಚನೆ ಅತ್ಯಗತ್ಯವಾದದ್ದು. ಏಕೆಂದರೆ ಗೃಹಸ್ಥರಾದ ನಾವು ಬೇರೆ ಯಾವ ಉಪಾಧ್ಯಾಯರನ್ನೂ ಇಷ್ಟು ಅವಸರದಿಂದ ತೂಗಿ ನೋಡುವುದಿಲ್ಲ.

ನಾವು ಬಳಸುವ ತಕ್ಕಡಿ ಯಾವುದು? ಉಪಾಧ್ಯಾಯರು ತಡವರಿಸದೆ ಇಂಗ್ಲಿಷ್ ಮಾತನಾಡುತ್ತಾರೆಯೇ, ಅವರ ಉಚ್ಚಾರಣೆಯಲ್ಲಿ ಊರಿನ ಸೊಗಡು ಕಾಣದೆ ಇದೆಯೇ, ಅವರ ತರಗತಿಯಲ್ಲಿ ಎಷ್ಟು ಮಂದಿ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಇಷ್ಟೇ. ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ದುಡಿದವರು ಈ ತಕ್ಕಡಿಯಲ್ಲಿ ಹಗುರವಾಗಿ ತೋರುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಳ್ಳಾಗುವುದಿಲ್ಲ. ಒಂದು ನುಡಿಯನ್ನು ಬಲ್ಲವರು ಬೇರೆ, ಅದನ್ನು ಇನ್ನೊಬ್ಬರ ನಾಲಗೆಗೆ ತರುವವರು ಬೇರೆ. ಬಲ್ಲದೆ ಕಲಿಸುವುದು ಆಗದು, ನಿಜ. ಬಲ್ಲವರೆಲ್ಲರೂ ಕಲಿಸಿಯಾರು ಎಂಬುದು ಮಾತ್ರ ನಿಜವಲ್ಲ.

ಈ ಉಪಾಧ್ಯಾಯರ ಕೆಲಸ ಎಷ್ಟು ಕಠಿಣವಾದದ್ದೆಂಬುದನ್ನು ತಿಳಿಯಲು ಮನೆಯ ಲೆಕ್ಕವೇ ಸಾಕು. ದಿನಕ್ಕೆ 40 ನಿಮಿಷದ ಒಂದು ಪಾಠ, ವರ್ಷಕ್ಕೆ 200 ದಿನ ಎಂದು ಇಟ್ಟುಕೊಳ್ಳೋಣ. ಒಟ್ಟು 8000 ನಿಮಿಷ. ಎಂದರೆ ಸುಮಾರು 133 ಗಂಟೆ. ಮನೆಯಲ್ಲಿ ಒಂದು ಮಗು ದಿನಕ್ಕೆ 12 ಗಂಟೆ ಎಚ್ಚರವಾಗಿದ್ದು ಕನ್ನಡದ ನಡುವೆ ಆಡಿಕೊಂಡಿರುತ್ತದೆ ಎಂದರೆ, ಈ 133 ಗಂಟೆಗಳು ಅದರ 11 ದಿನಗಳಿಗೆ ಸಮನಾದವು. ತಾಯಿಯ ಮಡಿಲಲ್ಲಿ 11 ದಿನಗಳಲ್ಲಿ ಮಗುವಿನ ಕಿವಿಗೆ ಬೀಳುವಷ್ಟು ಕಾಲವನ್ನು ಕೊಟ್ಟು, ಒಂದು ವರ್ಷದ ಭಾಷೆಯನ್ನು ಕಲಿಸೆಂದು ನಾವು ಉಪಾಧ್ಯಾಯರಿಗೆ ಹೇಳುತ್ತೇವೆ. ಅದೂ ಒಂದೇ ಮಗುವಿಗಲ್ಲ. ತರಗತಿಯಲ್ಲಿ 40 ಮಕ್ಕಳಿದ್ದು, ಪಾಠದ ಹೊತ್ತನ್ನೆಲ್ಲ ಅವರಿಗೇ ಬಿಟ್ಟುಕೊಟ್ಟರೂ ಒಬ್ಬೊಬ್ಬರ ಪಾಲಿಗೆ ಬಾಯಿ ತೆರೆಯಲು ಒಂದು ನಿಮಿಷ ಸಿಕ್ಕೀತು. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೂ, ಶಾಲೆಯ ಹೊಸ್ತಿಲು ದಾಟಿದ ಮೇಲೆ ಅದನ್ನು ಕೇಳದ ಮಗುವಿಗೂ ಒಂದೇ ಪರೀಕ್ಷೆ. ಈ ಅಂತರವನ್ನು ತುಂಬುವ ಹೊರೆಯೆಲ್ಲ ಆ 40 ನಿಮಿಷದ ಮೇಲೆ ಬಿದ್ದಿದೆ.

ಈ ಹೊರೆಯನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಮೈಕೆಲ್ ವೆಸ್ಟ್ ಎಂಬವರು ಪ್ರಮುಖರು. ಇವರು ಇಂಡಿಯಾದ ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದು, ಢಾಕಾ ನಗರದ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ಬಂಗಾಳದ ಮಕ್ಕಳ ಇಂಗ್ಲಿಷ್ ಕಲಿಕೆಯನ್ನು ಕುರಿತು 1926ರಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದರು. ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಪಾಲು ಮಂದಿ ಕೊನೆಯ ತರಗತಿಯವರೆಗೆ ಬರುವುದೇ ಇಲ್ಲವೆಂಬುದು ಅವರ ಕಣ್ಣಿಗೆ ಬಿತ್ತು. ನಮ್ಮಲ್ಲಿ ಅನೇಕರು ಜೀವವಿಮೆ ಮಾಡಿಸಿದವರು. ಪಾಲಿಸಿಯನ್ನು ಅವಧಿ ಮುಗಿಯುವ ಮುಂಚೆ ಬಿಟ್ಟುಬಿಟ್ಟರೆ ಕೈಗೆ ಎಷ್ಟು ಬರುತ್ತದೆ ಎಂಬುದನ್ನು, ಎಂದರೆ ಅದರ ಸರೆಂಡರ್ ವ್ಯಾಲ್ಯೂವನ್ನು, ವಿಚಾರಿಸುತ್ತೇವಲ್ಲವೆ? ವೆಸ್ಟ್ ಅವರು ಅದೇ ಮಾತನ್ನು ಪಾಠಕ್ಕೆ ಅನ್ವಯಿಸಿದರು. ಮೂರನೆಯ ವರ್ಷಕ್ಕೇ ಶಾಲೆ ಬಿಟ್ಟ ಹುಡುಗನ ಕೈಯಲ್ಲಿ ಏನು ಉಳಿಯಿತು? ಎಂಟು ವರ್ಷ ಓದಿದವನಿಗೆ ಮಾತ್ರ ಫಲಿಸುವ ವ್ಯಾಕರಣ ಸೂತ್ರಗಳೇ ಅವನಿಗೆ ದೊರೆತಿದ್ದರೆ ಅವನು ತೆತ್ತ ಕಾಲವೆಲ್ಲ ನಷ್ಟ. ಚಿಕ್ಕದೊಂದು ಪುಸ್ತಕವನ್ನಾದರೂ ತಾನಾಗಿಯೇ ಓದಿ ತಿಳಿಯುವಷ್ಟು ಶಕ್ತಿ ಬಂದಿದ್ದರೆ ಅವನು ಗೆದ್ದಂತೆ.

ಆದಕಾರಣ ಅವರು ಯಾವ ಪದಗಳು ಮೇಲಿಂದ ಮೇಲೆ ಬಳಕೆಗೆ ಬರುತ್ತವೆಯೋ ಅವನ್ನು ಮೊದಲು, ಅಪರೂಪದವನ್ನು ಆಮೇಲೆ ಕಲಿಸುವ ಪಾಠಮಾಲೆಗಳನ್ನು ರಚಿಸಿದರು. ಹೊಸ ಪದವೊಂದು ಬಂದರೆ ಅದು ಮುಂದಿನ ಸಾಲುಗಳಲ್ಲಿ ಮತ್ತೆ ಮತ್ತೆ ಎದುರಾಗುವಂತೆ ಹೆಣೆದರು. 1935ರಲ್ಲಿ ಅವರು ಇನ್ನೊಬ್ಬರೊಡನೆ ಸೇರಿ ಹೊರತಂದ ಕೋಶದಲ್ಲಿ 24,000 ಪದ ಹಾಗೂ ನುಡಿಗಟ್ಟುಗಳ ಅರ್ಥವನ್ನು ಕೇವಲ 1490 ಸುಲಭ ಪದಗಳಲ್ಲಿ ವಿವರಿಸಿದೆ. ಒಂದು ಕಠಿಣ ಪದದ ಅರ್ಥಕ್ಕಾಗಿ ಕೋಶವನ್ನು ತೆರೆದ ಮಗು, ಅಲ್ಲಿ ಅದಕ್ಕಿಂತ ಕಠಿಣವಾದ ಇನ್ನೆರಡು ಪದಗಳನ್ನು ಕಂಡು ಪುಸ್ತಕವನ್ನು ಮುಚ್ಚಬಾರದೆಂಬ ಕನಿಕರ ಈ ಲೆಕ್ಕಾಚಾರದ ಹಿಂದೆ ಇದೆ.

ಇದೇ ಬಗೆಯ ಕನಿಕರದಿಂದ ಜಪಾನಿನಲ್ಲಿ ಮತ್ತೊಂದು ಕೋಶ ಹುಟ್ಟಿತು. ಎ. ಎಸ್. ಹಾರ್ನ್‌ಬಿ ಎಂಬ ಆಂಗ್ಲ ತರುಣರು 1924ರಲ್ಲಿ ಆ ದೇಶಕ್ಕೆ ಹೋದದ್ದು ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವುದಕ್ಕಾಗಿ. ವಿದ್ಯಾರ್ಥಿಗಳಿಗೆ ಕಾವ್ಯಸ್ವಾರಸ್ಯಕ್ಕಿಂತ ಮುಂಚೆ ವಾಕ್ಯವನ್ನು ಕಟ್ಟುವ ಬಗೆ ಬೇಕಾಗಿದೆಯೆಂಬುದು ಅಲ್ಲಿ ಅವರಿಗೆ ಮನದಟ್ಟಾಯಿತು. ಇಂಗ್ಲಿಷ್ ಮನೆಮಾತಾದವನಿಗೆ ಕೋಶದಲ್ಲಿ ಅರ್ಥ ಸಿಕ್ಕಿದರೆ ಸಾಕು. ಕಲಿಯುವವನಿಗೆ ಅಷ್ಟು ಸಾಲದು. ಈ ನಾಮಪದಕ್ಕೆ ಬಹುವಚನ ಉಂಟೋ ಇಲ್ಲವೋ, ಈ ಕ್ರಿಯಾಪದದ ಮುಂದೆ ಎಂತಹ ರೂಪ ಬರಬೇಕು, ಇವೆಲ್ಲ ಅವನಿಗೆ ತಿಳಿಯಬೇಕು. ಇದನ್ನೆಲ್ಲ ಒಳಗೊಂಡ ಕೋಶವನ್ನು ಹಾರ್ನ್‌ಬಿ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದರು. ಅದು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋ ನಗರದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದವರು ಅದನ್ನು ಮತ್ತೆ ಪ್ರಕಟಿಸಿದರು. ಇಂದು ನಮ್ಮ ಎಷ್ಟೋ ಮನೆಗಳ ಗೂಡಿನಲ್ಲಿ ಅದರ ಸಂತತಿಯ ಪುಸ್ತಕ ಇದ್ದೇ ಇದೆ. ಆ ಪುಸ್ತಕದಿಂದ ಬಂದ ಹಣದಿಂದ ಅವರು 1961ರಲ್ಲಿ ಒಂದು ನಿಧಿಯನ್ನು ಏರ್ಪಡಿಸಿ, ಬೇರೆ ಬೇರೆ ದೇಶಗಳ ಇಂಗ್ಲಿಷ್ ಉಪಾಧ್ಯಾಯರು ಮುಂದಿನ ವ್ಯಾಸಂಗ ಮಾಡಲು ನೆರವಾಗುವಂತೆ ಮಾಡಿದರು. ಉಪಾಧ್ಯಾಯರನ್ನು ಗೌರವಿಸುವ ಬಗೆಯನ್ನು ಉಪಾಧ್ಯಾಯರೊಬ್ಬರೇ ಹೀಗೆ ತೋರಿಸಿಕೊಟ್ಟರು: ಅವರ ಹೆಗಲಿಗೆ ಶಾಲು ಹೊದಿಸುವುದರ ಜೊತೆಗೆ ಕೈಗೆ ಉಪಕರಣವನ್ನೂ ಕೊಡಬೇಕು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಇಂಗ್ಲಿಷ್ ಉಪಾಧ್ಯಾಯರ ತರಬೇತಿಗಾಗಿ 1958ರಲ್ಲಿ ಹೈದರಾಬಾದಿನಲ್ಲಿ ಒಂದು ಕೇಂದ್ರ ಸಂಸ್ಥೆ ಏರ್ಪಟ್ಟಿತು. ನಮ್ಮ ಕವಿ ವಿನಾಯಕ, ಎಂದರೆ ವಿ. ಕೃ. ಗೋಕಾಕರು, ಅದರ ನಿರ್ದೇಶಕರಾಗಿ ಕೆಲಸ ಮಾಡಿದವರು. 1963ರಲ್ಲಿ ದಕ್ಷಿಣ ಭಾರತಕ್ಕೆಂದು ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಸ್ಥಾಪಿತವಾಯಿತು. ಬೆಂಗಳೂರಿನ ಹೆಸರು ಜಗತ್ತಿನ ಇಂಗ್ಲಿಷ್ ಉಪಾಧ್ಯಾಯರಿಗೆಲ್ಲ ಪರಿಚಯವಾದದ್ದು ಈ ಸಂಸ್ಥೆಯ ಆಶ್ರಯದಲ್ಲಿ ನಡೆದ ಒಂದು ಪ್ರಯೋಗದಿಂದ. ಎನ್. ಎಸ್. ಪ್ರಭು ಅವರ ಮುಂದಾಳುತನದಲ್ಲಿ 1979ರಿಂದ 1984ರವರೆಗೆ, ಬೆಂಗಳೂರು, ಮದ್ರಾಸು ಮೊದಲಾದೆಡೆಗಳ ಸಾಮಾನ್ಯ ಶಾಲೆಗಳ ಸಾಮಾನ್ಯ ಮಕ್ಕಳೊಡನೆ ಈ ಪ್ರಯೋಗ ನಡೆಯಿತು.

ಅದರ ತಿರುಳು ಹೀಗೆ. ವ್ಯಾಕರಣದ ಸೂತ್ರವನ್ನು ಮೊದಲು ಹೇಳಿ, ಆಮೇಲೆ ಅದನ್ನು ಹತ್ತು ಸಲ ಬಾಯಿಪಾಠ ಮಾಡಿಸುವುದನ್ನು ಅಲ್ಲಿ ಕೈಬಿಟ್ಟರು. ಅದಕ್ಕೆ ಬದಲಾಗಿ ಮಕ್ಕಳ ಮುಂದೆ ಒಂದು ಲೆಕ್ಕವನ್ನೋ ಒಗಟನ್ನೋ ಇಟ್ಟರು. ಮಾದರಿಗೆ ರೈಲಿನ ವೇಳಾಪಟ್ಟಿಯೊಂದನ್ನು ತೆಗೆದುಕೊಳ್ಳಿ. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವುದು ಬೇಗ ಮುಟ್ಟುತ್ತದೆ, ಮಧ್ಯಾಹ್ನದ ಕೆಲಸಕ್ಕೆ ಹೋಗಬೇಕಾದವನು ಯಾವುದನ್ನು ಹಿಡಿಯಬೇಕು ಎಂದು ಉಪಾಧ್ಯಾಯರು ಇಂಗ್ಲಿಷಿನಲ್ಲಿ ಕೇಳುತ್ತ, ಮಕ್ಕಳೊಡನೆ ಕೂಡಿ ಒಂದನ್ನು ಬಿಡಿಸುತ್ತಾರೆ. ಬಳಿಕ ಅಂತಹದೇ ಇನ್ನೊಂದನ್ನು ಮಕ್ಕಳು ತಾವು ತಾವೇ ಬಿಡಿಸಬೇಕು. ಹಾಗೆಯೇ ಊರಿನ ನಕ್ಷೆ ಅಥವಾ ತಿಂಗಳ ಪಂಚಾಂಗ. ಮಗುವಿನ ಮನಸ್ಸೆಲ್ಲ ಉತ್ತರದ ಮೇಲಿರುತ್ತದೆ. ಆ ಉತ್ತರದ ದಾರಿಯಲ್ಲಿ ಭಾಷೆಯು ತಾನಾಗಿ ಅಂಟಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಅಡುಗೆಮನೆಯಲ್ಲಿ ಅಳತೆ, ಹದ, ಹೊತ್ತುಗಳ ಮಾತನ್ನು ಹುಡುಗಿಯರು ಹುಡುಗರು ಕಲಿತದ್ದು ಹೀಗೆಯೇ ಅಲ್ಲವೆ? ಅಲ್ಲಿ ಯಾರೂ ವ್ಯಾಕರಣವನ್ನು ಹೇಳಿಕೊಟ್ಟಿರಲಿಲ್ಲ.

ಪ್ರಭು ಅವರು 1987ರಲ್ಲಿ ಈ ಅನುಭವವನ್ನು ಗ್ರಂಥವಾಗಿ ಬರೆದರು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1990ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ. ತಮ್ಮ ಪದ್ಧತಿಯೇ ಸರ್ವಶ್ರೇಷ್ಠವೆಂದು ಸಾಧಿಸಲು ಅವರು ಹೊರಡಲಿಲ್ಲ. ಎಲ್ಲ ಕಡೆಗೂ ಸಲ್ಲುವ ಒಂದೇ ಉತ್ತಮ ಪದ್ಧತಿ ಎಂಬುದಿಲ್ಲ. ಕಲಿಕೆ ಹೇಗೆ ನಡೆಯುತ್ತದೆ ಎಂಬ ವಿಷಯದಲ್ಲಿ ಉಪಾಧ್ಯಾಯರಿಗೆ ತಮ್ಮದೇ ಆದ ಜೀವಂತ ತಿಳಿವಳಿಕೆ ಇದೆಯೇ, ಅಥವಾ ಪಾಠವು ಬರಿಯ ಯಾಂತ್ರಿಕ ರೂಢಿಯಾಗಿಬಿಟ್ಟಿದೆಯೇ ಎಂಬುದನ್ನು ನೋಡಬೇಕು, ಎಂಬುದು ಅವರ ವಾದದ ಸಾರಾಂಶ. ಉತ್ತಮ ಉಪಾಧ್ಯಾಯರನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ. ಮಗುವಿನ ಮುಖವನ್ನು ನೋಡಿ, ನಿನ್ನೆ ಹೇಳಿಕೊಟ್ಟ ಬಗೆ ಇಂದು ನಡೆಯುವುದಿಲ್ಲವೆಂದು ಅರಿತು, ಬಗೆಯನ್ನು ಬದಲಾಯಿಸಬಲ್ಲವರು ಯಾರೋ ಅವರಲ್ಲಿ ವಿದ್ಯೆ ಬದುಕಿದೆ.

ಇಲ್ಲಿ ಒಂದು ಶಂಕೆಗೆ ಉತ್ತರ ಹೇಳಬೇಕಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಮಕ್ಕಳು ಕನ್ನಡದಿಂದ ದೂರವಾಗುವರು. ಆದ್ದರಿಂದ ಇಂಗ್ಲಿಷ್ ಉಪಾಧ್ಯಾಯರನ್ನು ಇಷ್ಟು ಹೊಗಳುವುದು ತಾಯ್ನುಡಿಗೆ ಎರಡು ಬಗೆಯುವುದಲ್ಲವೇ ಎಂದು ಕೆಲವರು ಕೇಳಬಹುದು. ಕನ್ನಡದ ಇತಿಹಾಸವೇ ಇದಕ್ಕೆ ಉತ್ತರ ಕೊಟ್ಟಿದೆ. ಬಿ. ಎಂ. ಶ್ರೀಕಂಠಯ್ಯನವರ ವೃತ್ತಿ ಇಂಗ್ಲಿಷ್ ಬೋಧನೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಅವರು ಪಾಠ ಹೇಳಿದರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದವರೂ ಅವರೇ. ಆಂಗ್ಲ ಕವಿಗಳ ಭಾವವನ್ನು ಕನ್ನಡದ ಲಯಕ್ಕೆ ತಂದು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಕೊಟ್ಟು ಹೊಸ ಕಾವ್ಯಕ್ಕೆ ದಾರಿ ತೆರೆದವರೂ ಅವರೇ. ಮುಂದಿನ ತಲೆಮಾರುಗಳಲ್ಲಿ ಎಸ್. ವಿ. ರಂಗಣ್ಣ, ಎ. ಎನ್. ಮೂರ್ತಿರಾವ್, ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ, ಇವರೆಲ್ಲರೂ ಜೀವನೋಪಾಯಕ್ಕೆ ಇಂಗ್ಲಿಷ್ ಪಾಠ ಹೇಳುತ್ತ ಕನ್ನಡವನ್ನು ಬೆಳಗಿದವರು. ಕುವೆಂಪು ಅವರು ತಾರುಣ್ಯದಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದಾಗ, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ್ದು ಎಲ್ಲರೂ ಬಲ್ಲ ಸಂಗತಿ. ಪರನುಡಿಯನ್ನು ಆಳವಾಗಿ ಬಲ್ಲವರು ನಮ್ಮ ನುಡಿಯನ್ನು ಹಗುರಾಗಿ ಕಾಣರು; ಅರೆಬರೆ ಕಲಿತವರಿಗೆ ಮಾತ್ರ ಆ ಚಪಲ.

ತರಗತಿಯಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆ. ಇಂಗ್ಲಿಷ್ ಪಾಠದ ನಡುವೆ ಒಂದು ಕನ್ನಡ ಪದವನ್ನು ಆಡಿ ಮಗುವಿನ ಗೊಂದಲವನ್ನು ಬಿಡಿಸಿದ ಉಪಾಧ್ಯಾಯರನ್ನು ಅಸಮರ್ಥರೆಂದು ತೆಗಳುವುದುಂಟು. ಪಾಠವೆಲ್ಲ ಕನ್ನಡದಲ್ಲಿಯೇ ನಡೆದು, ಇಂಗ್ಲಿಷ್ ಮಗುವಿನ ಕಿವಿಗೇ ಬೀಳದಿದ್ದರೆ ಅದು ದೋಷವೇ ಸರಿ. ಆದರೆ ಅರಿಯದ ನುಡಿಯ ನಡುವೆ ಮಗು ಮುಳುಗಿ ಉಸಿರುಗಟ್ಟುವಾಗ ತಾಯ್ನುಡಿಯ ಒಂದು ಪದವನ್ನು ಆಸರೆಯಾಗಿ ಚಾಚುವುದು ದೋಷವಲ್ಲ. ಅದು ಕಲಿಸುವವರ ವಿವೇಕ. ಕನ್ನಡ ಮಾತನಾಡಿದ್ದಕ್ಕಾಗಿ ಮಗುವಿಗೆ ದಂಡ ವಿಧಿಸುವುದು ಕೆಲವೆಡೆ ಉಂಟೆಂದು ಕೇಳುತ್ತೇವೆ. ಅದರಿಂದ ಮಗು ಕಲಿಯುವುದು ಮೌನವನ್ನು, ಇಂಗ್ಲಿಷನ್ನಲ್ಲ.

ಹಾಗಾದರೆ ಗೌರವವನ್ನು ಸಲ್ಲಿಸುವ ಬಗೆ ಯಾವುದು? ಶ್ರೀಕಂಠಯ್ಯನವರಿಗೆ ಮೈಸೂರಿನ ಮಹಾರಾಜರು ‘ರಾಜಸೇವಾಸಕ್ತ’ ಎಂಬ ಬಿರುದನ್ನಿತ್ತರು. 1941ರಲ್ಲಿ ಶಿಷ್ಯರೂ ಮಿತ್ರರೂ ‘ಸಂಭಾವನೆ’ ಎಂಬ ಗ್ರಂಥವನ್ನು ಅರ್ಪಿಸಿದರು. ದೊಡ್ಡ ಕಾಲೇಜಿನಲ್ಲಿ ದೊಡ್ಡ ಶಿಷ್ಯರನ್ನು ಪಡೆದವರಿಗೆ ಇಂತಹ ಮನ್ನಣೆ ದೊರೆಯುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಆ ತರಗತಿಯ ಉಪಾಧ್ಯಾಯರ ಶಿಷ್ಯರು ಗ್ರಂಥವನ್ನು ಅರ್ಪಿಸಲಾರರು. ತಮಗೆ ಮೊದಲ ಇಂಗ್ಲಿಷ್ ವಾಕ್ಯವನ್ನು ನುಡಿಸಿದವರು ಯಾರೆಂಬುದನ್ನೇ ಎಷ್ಟೋ ಮಂದಿ ಮರೆತಿರುತ್ತಾರೆ. ಅಡಿಪಾಯ ಹಾಕಿದವರ ಹೆಸರನ್ನು ಗೋಪುರದ ಮೇಲೆ ಕೆತ್ತುವ ರೂಢಿ ನಮ್ಮಲ್ಲಿ ಇಲ್ಲ. ಆ ಕೊರತೆಯನ್ನು ಮನೆಮನೆಗಳಿಂದ ತುಂಬಬೇಕು. ಅದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.

ಮೊದಲನೆಯದಾಗಿ, ಮಗುವಿನ ಎದುರಿನಲ್ಲಿ ಅದರ ಇಂಗ್ಲಿಷ್ ಉಪಾಧ್ಯಾಯರ ಉಚ್ಚಾರಣೆಯನ್ನು ಹಾಸ್ಯ ಮಾಡಬಾರದು. ಮರುದಿನ ಆ ಮಗು ಪಾಠಕ್ಕೆ ಕಿವಿಗೊಡುವುದನ್ನು ಬಿಟ್ಟು ತಪ್ಪನ್ನು ಹುಡುಕುತ್ತದೆ. ಕೊನೆಗೆ ತನ್ನ ಬಾಯಿಂದಲೂ ತಪ್ಪು ಬಂದೀತೆಂಬ ಭಯದಿಂದ ಸುಮ್ಮನಾಗುತ್ತದೆ. ಎರಡನೆಯದಾಗಿ, ಶಾಲೆಗೆ ಹೋದಾಗ ಅಂಕಗಳನ್ನು ವಿಚಾರಿಸುವುದರೊಡನೆ, ನನ್ನ ಮಗು ತಾನಾಗಿ ಏನನ್ನು ಓದಬಲ್ಲದು, ಏನನ್ನು ಕೇಳಬಲ್ಲದು ಎಂದು ವಿಚಾರಿಸಬೇಕು. ಬಾಯಿಪಾಠಕ್ಕೆ ಒಲ್ಲದ ಉಪಾಧ್ಯಾಯರಿಗೆ ಈ ಒಂದು ಪ್ರಶ್ನೆಯೇ ದೊಡ್ಡ ಬೆಂಬಲ. ಮೂರನೆಯದಾಗಿ, ಆ 11 ದಿನಗಳ ಲೆಕ್ಕಕ್ಕೆ ಮನೆಯಿಂದಲೂ ಕೆಲವು ನಿಮಿಷಗಳನ್ನು ಕೂಡಿಸಬೇಕು. ತಾಯಿತಂದೆಗಳಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ; ಮಗು ಓದಿದ ಪುಟವನ್ನು ಕನ್ನಡದಲ್ಲಿ ಹೇಳೆಂದು ಕೇಳಿ ಕೂತರೆ ಸಾಕು. ಹನಿ ಹನಿ ಕೂಡಿದರೆ ಹಳ್ಳವಲ್ಲವೆ? ನಾಲ್ಕನೆಯದಾಗಿ, ಶಾಲಾ ಸಮಿತಿಗಳಲ್ಲಿರುವವರು ಸನ್ಮಾನದ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ, ಸುಲಭವಾದ ಕಥೆಪುಸ್ತಕಗಳನ್ನೂ ಕಲಿಯುವವರಿಗೆಂದು ರಚಿತವಾದ ಒಂದು ಒಳ್ಳೆಯ ಕೋಶವನ್ನೂ ತರಗತಿಗೆ ಕೊಡಿಸಬಹುದು. ಕಡೆಯದಾಗಿ, ಓದಿ ಮುಂದೆ ಬಂದವರು ತಮಗೆ ಮೊದಲು ಇಂಗ್ಲಿಷ್ ಕಲಿಸಿದವರನ್ನು, ಅವರು ಬದುಕಿರುವಾಗಲೇ, ಒಮ್ಮೆ ಹೋಗಿ ಕಾಣಬೇಕು. ಇಂತಹ ಪಾಠದಿಂದ ತನಗೆ ಇಂತಹದು ದಕ್ಕಿತೆಂದು ಹೆಸರಿಟ್ಟು ಹೇಳಬೇಕು. ಸಭೆಯಲ್ಲಿ ಕೇಳಿದ ಸಾಮಾನ್ಯವಾದ ಹೊಗಳಿಕೆಯನ್ನು ಉಪಾಧ್ಯಾಯರು ಮರೆಯಬಹುದು. ಈ ಮಾತನ್ನು ಮರೆಯುವುದಿಲ್ಲ.

ಯಾವ ಊರಿನ ಸಮಿತಿಯೇ ಆಗಲಿ, ಮುಂದಿನ ಸೆಪ್ಟೆಂಬರಿನಲ್ಲಿ ಸನ್ಮಾನಕ್ಕೆ ಒಬ್ಬ ಇಂಗ್ಲಿಷ್ ಉಪಾಧ್ಯಾಯರನ್ನು ಆರಿಸಲು ಕುಳಿತಾಗ, ತರಗತಿಯಲ್ಲಿ ಮೊದಲಿಗನಾದ ಹುಡುಗನನ್ನು ಕರೆದು ಕೇಳುವುದು ಬೇಡ. ಅವನು ಯಾರ ಕೈಯಲ್ಲಾದರೂ ಕಲಿತಾನು. ಮನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇಲ್ಲದ, ನಾಳೆ ಶಾಲೆ ಬಿಟ್ಟರೂ ಬಿಡಬಹುದಾದ, ಹಿಂದಿನ ಸಾಲಿನ ಹುಡುಗಿಯನ್ನು ಕರೆದು, ಹೊಸದೊಂದು ಪುಟವನ್ನು ಅವಳ ಮುಂದಿಡಿ. ಅವಳು ಹೆದರದೆ ಬೆರಳಿಟ್ಟು ಓದಲು ತೊಡಗಿದರೆ, ಅವಳಿಗೆ ಕಲಿಸಿದವರು ಯಾರೆಂದು ವಿಚಾರಿಸಿ. ಹಾರವು ಸಲ್ಲಬೇಕಾದದ್ದು ಅವರಿಗೆ.